ಮೂರನೆಯ ಸಲ

ಸಿಗ್ನಲ್‌ನಲ್ಲಿ ಕೆಂಪು ದೀಪ. ಮೂರನೇ ಸಾಲಿನಲ್ಲಿ ಟ್ಯಾಕ್ಸಿ. ಚಾಲಕನ ಕೈ ಕಿವಿಯಲ್ಲಿ, ತುಟಿ ಪಟಪಟ.

ಟ್ರಾಫಿಕ್ ಪೇದೆಗೆ ಅಷ್ಟು ಸಾಕಾಯಿತು. ಸೀಟಿ ಊದಿ ಟ್ಯಾಕ್ಸಿಯನ್ನು ಪಕ್ಕಕ್ಕೆ ಹಾಕಿಸಿದಳು. ಕಣ್ಣಾರೆ ಕಾಣದ್ದನ್ನು ಒಂದಕ್ಷರವೂ ಬರೆಯುವವಳಲ್ಲ ಅವಳು. ಕಂಡದ್ದನ್ನು ಬಿಡುವವಳೂ ಅಲ್ಲ. ಪುಸ್ತಕ ತೆಗೆದು ಬರೆದಳು: ‘ಬಲಗೈ, ಎಡಗಿವಿ.’ ಮುಖಕ್ಕೇ ಅಡ್ಡವಾಗಿ ತೋಳು! ಕದ್ದು ಮಾತಾಡೋಕೆ ಎಂಥೆಂಥ ವರಸೆ ಕಲಿತಿದ್ದಾರಪ್ಪಾ ಎಂದುಕೊಂಡಳು.

“ಸಿಗ್ನಲ್‌ನಲ್ಲಿ ನಿಂತಿದ್ರೂ ಓಡಿಸ್ತಿದ್ದ ಹಾಗೇನೇ. ಕಾನೂನು ಗೊತ್ತು ತಾನೇ?”

“ಗೊತ್ತು ಮೇಡಂ. ಆದರೆ ಕೈಲಿ ಫೋನ್ ಇರಲಿಲ್ಲ.” ಚಾಲಕನಿಗೆ ಐವತ್ತು ದಾಟಿತ್ತು. ತಲೆ ಅರ್ಧ ಬೋಳು.

“ನನ್ನ ಕಿವಿ ಮೇಲೆ ಹೂ ಇಡಬೇಡಿ. ನಿಮ್ಮ ಕಿವಿ ಹತ್ರ ಕೈ ಯಾಕಿತ್ತು, ಅದು ಹೇಳಿ.”

ಅವನು ಕನ್ನಡಿಯಲ್ಲಿ ಹಿಂದಿನ ಸೀಟನ್ನೊಮ್ಮೆ ನೋಡಿದ. “ಅದನ್ನ ಹೇಳೋಕಾಗಲ್ಲ ಮೇಡಂ.”

ಎಡಗಿವಿ ಕೆಂಪಗಿತ್ತು. ತುಂಬ ಹೊತ್ತು ಮಾತಾಡಿರಬೇಕು. ಅವಳು ಲೈಸೆನ್ಸ್ ನಂಬರನ್ನು ಯಂತ್ರದಲ್ಲಿ ಒತ್ತಿದಳು. ಇದೇ ತಪ್ಪಿಗೆ ಎರಡು ಸಲ ಸಿಕ್ಕಿಬಿದ್ದವನು. ಮೂರನೆಯದು ಬಿದ್ದರೆ ಲೈಸೆನ್ಸ್ ಮೂರು ತಿಂಗಳು ಅಮಾನತು.

“ದಮ್ಮಯ್ಯ ಮೇಡಂ, ಈ ಸ್ಟೀರಿಂಗೇ ನನ್ನ ಅನ್ನ. ಹೊಟ್ಟೆ ಮೇಲೆ ಹೊಡೀಬೇಡಿ.”

ಅಯ್ಯೋ ಪಾಪ ಅನಿಸಿತು. ಪೆನ್ನು ಮಾತ್ರ ನಿಲ್ಲಲಿಲ್ಲ.

ಹಿಂದಿನ ಸೀಟಿನಲ್ಲಿ ಕಡ್ಡಿಯಂಥ ಮುದುಕಿ, ತೊಡೆಯ ಮೇಲೆ ಬಟ್ಟೆ ಚೀಲ. ಕಿಟಕಿಯಿಂದ ಕತ್ತು ಚಾಚಿ ಪುಸ್ತಕ ನೋಡಿದಳು.

“‘ದಂಡ’ಕ್ಕೆ ಹೊಟ್ಟೆ ಸೀಳಬಾರದಮ್ಮ.”

ಪೇದೆ ತೆಪ್ಪಗೆ ‘ಧಂಡ’ವನ್ನು ತಿದ್ದಿದಳು. ಯಾಕೆ ತಿದ್ದಿದೆನೋ ಅವಳಿಗೇ ತಿಳಿಯಲಿಲ್ಲ.

“ಅಜ್ಜಿ, ಇವರು ಮಾತಾಡ್ತಿದ್ದದ್ದು ನಿಜ ತಾನೇ?”

“ನಿಜ. ನಾನೇ ಕೇಳಿಸಿಕೊಂಡೆ.”

ಚಾಲಕ ಕಣ್ಣು ಮುಚ್ಚಿಕೊಂಡ. ಮುಗೀತು ತನ್ನ ಕಥೆ ಅನ್ನುವುದು ಮುಖದಲ್ಲೇ ಬರೆದಿತ್ತು.

“ಕೇಳಿದ್ರಲ್ಲ? ಫೋನ್ ಕೊಡಿ.”

“ನನ್ನ ಹತ್ರ ಇಲ್ಲ ಮೇಡಂ.”

“ನನ್ನ ಹತ್ರ ಇದೆ.” ಮುದುಕಿ ಚೀಲದಿಂದ ಫೋನ್ ತೆಗೆದು ತೋರಿಸಿದಳು. ಆಫ್ ಆಗಿತ್ತು.

ಓಹೋ, ಇಬ್ಬರೂ ಸೇರಿಯೇ ಆಟ ಕಟ್ಟಿದ್ದಾರೆ! ಪೇದೆಗೆ ರೇಗಿತು. “ಸೀಟಿ ಊದಿದ ಮೇಲೆ ಬಚ್ಚಿಟ್ರಾ ಅಜ್ಜಿ?”

“ಬಚ್ಚಿಡೋಕೆ ನಾನೇನು ಕಳ್ಳಿನಾ? ಹಿಂದಿನ ಬೀದೀಲಿ ಗಾಡಿ ಓಡಿಸ್ತಾ ಹಲೋ ಅಂದ. ನಿಲ್ಲಿಸೋ ಗಾಡಿ ಅಂತ ಹೇಳಿ ಆಗಲೇ ಕಿತ್ಕೊಂಡೆ.”

“ಹಿಂದಿನ ಬೀದಿ ನಾನು ಕಂಡಿಲ್ಲ, ಬರೆಯೋ ಹಾಗಿಲ್ಲ. ಇಲ್ಲಿ ಕಂಡದ್ದು...” ಪೇದೆಯ ಪೆನ್ನು ‘ಬಲಗೈ, ಎಡಗಿವಿ’ಯ ಮೇಲೆ ಬಂದು ನಿಂತಿತು. ಫೋನನ್ನು ಹಾಗೆ ಹಿಡಿಯುವವರು ಯಾರಿದ್ದಾರೆ?

“ಎರಡನೇ ಕ್ಲಾಸಲ್ಲೂ ಇವನು ಹೀಗೇ, ಒಂದು ಸಲ ಹೇಳಿದ್ರೆ ಕೇಳ್ತಿರಲಿಲ್ಲ,” ಎಂದಳು ಮುದುಕಿ. “‘ಓಡಿಸುವಾಗ ಇನ್ನು ಫೋನ್ ಮುಟ್ಟಲ್ಲ ಟೀಚರ್’ ಅಂತ ಕಿವಿ ಹಿಡ್ಕೊಂಡು ಐದು ಸಲ ಹೇಳೋ ಅಂದಿದ್ದೆ. ಮೂರನೇ ಸಲಕ್ಕೆ ನೀನು ಸೀಟಿ ಊದಿದೆ. ಪುಸ್ತಕ ಮುಚ್ಚಿ ನಿಂತ್ಕೊ, ಇನ್ನೆರಡು ಎಣಿಸು.”