ಅರ್ಧಕ್ಕೆ ಇಳಿಸಿದ ವಾರ

"ನನ್ನ ಹೆಂಡ್ತಿ ತಮ್ಮ ಅಂತ ಇಟ್ಕೊಂಡಿದೀನಿ ಕಣೋ. ಇಲ್ದಿದ್ರೆ ಈ ಬಾಗಿಲು ಕಾಯೋಕೂ ನೀನು ಲಾಯಕ್ಕಿಲ್ಲ!"

ಸ್ಕ್ಯಾನ್ ಸೆಂಟರಿನ ಕುರ್ಚಿಗಳಲ್ಲಿ ಕೂತವರೆಲ್ಲ ತಲೆಯೆತ್ತಿದರು. ಸೆಂಟರಿನ ಯಜಮಾನ, ಡಾಕ್ಟರ್ ಭಾವ, ಚಿತ್ರವನ್ನು ಬೆಳಕಿಗೆ ಹಿಡಿದು ನಿಂತಿದ್ದ. "ಇದೇನು ಸ್ಕ್ಯಾನೋ, ಮರಳು ಎರಚಿದ ಗೋಡೆಯೋ? ವಿಕಿರಣ ಅರ್ಧಕ್ಕೆ ಇಳಿಸು ಅಂತ ನಿನಗ್ಯಾವನು ಹೇಳಿದ? ಅಕ್ಕನ್ನ ಮತ್ತೆ ಮಲಗಿಸು. ಪೂರ್ತಿ ಹಾಕು."

ಮೆಷಿನ್ ನಡೆಸುವ ಭಾಮೈದನ ಕಿವಿ ಕೆಂಪಗಾಯಿತು. ಅಕ್ಕ ಎಂದರೆ ಮೂಲೆಯ ಕುರ್ಚಿಯ ಟೈಲರ್ ಅಕ್ಕ. ಮೂತ್ರಪಿಂಡದಲ್ಲಿ ಒಂದು ಕಲ್ಲು ಹೋದರೆ ಇನ್ನೊಂದು ಹಾಜರು. ಪ್ರತಿ ಸಲವೂ ಸಿ.ಟಿ. ಸ್ಕ್ಯಾನು, ಮೈಗೆ ಇನ್ನಷ್ಟು ವಿಕಿರಣ. "ನನ್ನ ಹೊಟ್ಟೇಲಿ ಒಂದು ಕಾಂಪೌಂಡ್ ಕಟ್ಟೋವಷ್ಟು ಕಲ್ಲಿದೆ ತಮ್ಮಾ" ಎಂದು ನಗುತ್ತಲೇ ಬರುತ್ತಿದ್ದಳು. ಕಲ್ಲು ಹುಡುಕುವುದಕ್ಕೆ ಅರ್ಧ ವಿಕಿರಣ ಸಾಕೆಂದು ಅವನು ಇಳಿಸಿದ್ದ. ಚಿತ್ರ ಫಳಫಳ ಹೊಳೆಯದಿದ್ದರೆ ಭಾವನಿಗೆ ಮರ್ಯಾದೆ ಹೋದಂತೆ. ಈಗ ಪಾಪದ ಹೆಂಗಸಿನ ಮೈಮೇಲೆ ಅರ್ಧದ ಜೊತೆಗೆ ಒಂದು ಪೂರ್ತಿಯೂ ಬಿತ್ತು. ಬೈಗುಳವನ್ನಾದರೂ ನುಂಗಬಹುದಿತ್ತು, ಇದನ್ನಲ್ಲ.

ಮರುವಾರ ಸರ್ವೆ ಮೇಡಂ ಬಂದರು. ಸ್ಕ್ಯಾನುಗಳಿಂದ ದೇಶದ ಜನರ ಮೈಗೆ ಎಷ್ಟು ವಿಕಿರಣ ಸೇರುತ್ತಿದೆ ಎಂದು ಅಳೆಯುವ ಕೆಲಸ ಅವರದು. ವಾರವಿಡೀ ಕೂತು, ಪ್ರತಿ ಸ್ಕ್ಯಾನು ಮುಗಿದಾಗ ಮೆಷಿನ್ ತೋರಿಸುವ ಅಂಕಿಯನ್ನು ಬರೆದುಕೊಳ್ಳುತ್ತಾರಂತೆ. ಭಾವ ಅವನ ತೋಳು ಹಿಡಿದು ಪ್ಯಾಸೇಜಿಗೆ ಎಳೆದ.

"ಆವತ್ತು ಅರ್ಧಕ್ಕೆ ಇಳಿಸಿದ್ಯಲ್ಲ, ಹಾಗೇ ಇಳಿಸು. ಆಯಮ್ಮ ಹೋಗೋವರೆಗೆ."

"ಮರಳು ಬರುತ್ತಲ್ಲ ಭಾವ?"

"ಬರಲಿ ಬಿಡೋ. ಓದೋನು ನಾನು ತಾನೇ?"

ಓದಿದ. ವಾರವೆಲ್ಲ ಆ ಮರಳಿನ ಚಿತ್ರಗಳನ್ನೇ ಓದಿ, ಒಂದಕ್ಕೂ ತಕರಾರು ತೆಗೆಯದೆ ರಿಪೋರ್ಟ್ ಬರೆದ. ಕೊನೆಯ ದಿನ ಟೈಲರ್ ಅಕ್ಕ ಮತ್ತೆ ಸೊಂಟ ಹಿಡಿದುಕೊಂಡು ಬಂದಳು. ಅವಳ ಚಿತ್ರವನ್ನು ಹಿಡಿದು ಭಾವ ಹಾಲಿಗೆ ಬಂದಾಗ ಮೇಡಂ ಬ್ಯಾಗು ಹೆಗಲಿಗೇರಿಸುತ್ತಿದ್ದರು.

"ನಿಮ್ಮಲ್ಲಿ ವಿಕಿರಣ ತುಂಬಾ ಕಡಿಮೆ ಡಾಕ್ಟ್ರೇ. ಚಿತ್ರ ಓದೋದು ಕಷ್ಟ ಆಗಲ್ವಾ?"

"ಏನ್ ಕಷ್ಟ ಮೇಡಂ!" ಭಾವನ ದನಿ ಗೋಡೆಗೆ ಬಡಿದು ಬಂತು. "ನೋಡಿ, ಈ ಅಕ್ಕನ ಕಲ್ಲು ಸಾಸಿವೆ ಕಾಳಷ್ಟು, ಕಣ್ಣಿಗೆ ರಾಚುತ್ತೆ. ಕೆಳಗಿಳಿದಿದೆ ಅಕ್ಕಾ, ತಾನೇ ಹೋಗುತ್ತೆ. ಬೇಕಿಲ್ಲದ ವಿಕಿರಣ ಒಂದು ಚೂರೂ ಹಾಕಲ್ಲ ಮೇಡಂ, ಈ ಸೆಂಟರಿನ ಪದ್ಧತಿನೇ ಹಾಗೆ."

ಕುರ್ಚಿಗಳವರು ತಲೆದೂಗಿದರು. ಟೈಲರ್ ಅಕ್ಕ ಮಾತ್ರ ಭಾಮೈದನ ಕಡೆ ನೋಡಿ ಹುಬ್ಬು ಹಾರಿಸಿದಳು.

ಮೇಡಂ ಮೆಟ್ಟಿಲಿಳಿದರು. ಭಾವನ ಮುಖದ ನಗುವೂ ಅವರ ಹಿಂದೆಯೇ ಇಳಿದುಹೋಯಿತು. ದನಿ ತಗ್ಗಿಸಿದ. "ಸಾಕು ನಾಟಕ. ಈ ಬಸ್ ಡ್ರೈವರನ ಸ್ಕ್ಯಾನಿಂದಲೇ ಮತ್ತೆ ಪೂರ್ತಿಗೆ ಏರಿಸು."

ಹೊಟ್ಟೆ ಹಿಡಿದು ಮುದುಡಿ ಕೂತಿದ್ದ ಬಸ್ ಡ್ರೈವರನ ತೋಳಿಗೆ ಭಾಮೈದ ಕೈಕೊಟ್ಟು ಎಬ್ಬಿಸಿದ.

"ಲೋ, ನಿನಗೇ ಹೇಳ್ತಿರೋದು! ಕಿವಿ ಹೋಯ್ತಾ?"

ಅವನು ತಿರುಗಿಯೂ ನೋಡದೆ, ಡ್ರೈವರನನ್ನು ನಡೆಸಿಕೊಂಡು ಒಳಗೆ ಹೋಗಿಬಿಟ್ಟ. ದಪ್ಪ ಬಾಗಿಲು ಮುಚ್ಚಿತು. ಒಳಗಿನ ಮೆಷಿನ್ನು ಅರ್ಧದಲ್ಲೇ ಇತ್ತು, ಅದನ್ನು ಏರಿಸುವುದು ಎಲ್ಲಿ ಎಂದು ಭಾವನಿಗೆ ಗೊತ್ತಿರಲಿಲ್ಲ. ಧಾವಿಸಿ ಬಂದು ಬಾಗಿಲ ಹಿಡಿಕೆಗೆ ಕೈಹಾಕಿದ.

ಬಾಗಿಲ ಮೇಲಿನ ಕೆಂಪು ದೀಪ ಹತ್ತಿಕೊಂಡಿತು. ಅದು ಉರಿಯುವಾಗ ಯಾರೂ ಒಳಗೆ ಬರಕೂಡದು ಎಂದು ದೊಡ್ಡಕ್ಷರದ ಬೋರ್ಡು ಹಾಕಿಸಿದ್ದವನೂ ಭಾವನೇ.