ಒಂಬತ್ತು ಗೆಲುವಿನ ಹುಡುಗ

"ಅವನು ಬಂದಿದಾನಾ ಸರ್?"

ಟಾಯ್ಲೆಟ್ಟಿನ ಒಳಗಿನಿಂದ ಚಿಲಕ ಹಾಕಿಕೊಂಡು ಹುಡುಗ ಕೇಳಿದ. ಬಾಗಿಲ ಹೊರಗೆ ನಿಂತಿದ್ದ ಕುಸ್ತಿ ಕೋಚ್ ಉತ್ತರ ಕೊಡುವ ಮುಂಚೆ ಒಂದು ಸಲ ಉಗುರು ಕಚ್ಚಿಕೊಂಡರು.

"ಬಂದಿದಾನೆ."

"ತೂಕ ಹೆಚ್ಚಾಯ್ತು ಅಂತ ಹೊರಗೆ ಹಾಕಿಲ್ವಾ?"

"ಇಲ್ಲ. ಇನ್ನೂರು ಗ್ರಾಂ ಕಡಿಮೆನೇ ಇದಾನೆ. ಬಾಗಿಲು ತೆಗಿ ಮರಿ, ಇನ್ನು ಹತ್ತೇ ನಿಮಿಷ."

ಹುಡುಗ ತೆಗೆಯಲಿಲ್ಲ. ತಂಡದ ಉಡುಪು ತೊಟ್ಟಾಗಿತ್ತು. ಪಂದ್ಯಕ್ಕೆಂದೇ ಎತ್ತಿಟ್ಟಿದ್ದ ಬೂಟಿನ ಲೇಸನ್ನು ಮೂರು ಸಲ ಬಿಚ್ಚಿ ಮೂರು ಸಲ ಕಟ್ಟಿಯಾಗಿತ್ತು. ವರ್ಷ ಮುಗಿಯುತ್ತ ಬಂದರೂ ಆ ಬೂಟಿನ ಅಡಿ ಅಂಗಡಿಯಿಂದ ತಂದ ದಿನದಷ್ಟೇ ಹೊಸದಾಗಿತ್ತು. ಅವನಿಗೆ ಭಯವಾಗಿತ್ತು. ಬೆಳಿಗ್ಗೆ ತಿಂದದ್ದೆಲ್ಲ ಆಗಲೇ ಹೊರಗೆ ಬಂದಿತ್ತು.

ಕೈ ತೊಳೆಯುವ ಕಡೆ ಬೇರೆ ಯಾವುದೋ ಶಾಲೆಯ ಇಬ್ಬರು ಹುಡುಗರು ಮಾತಾಡಿಕೊಳ್ಳುತ್ತಿದ್ದರು.

"ಐವತ್ತೇಳು ಕೆಜಿಲಿ ಒಬ್ಬ ಇದಾನಲ್ಲ, ಒಂಬತ್ತು ಪಂದ್ಯ, ಒಂಬತ್ತೂ ಗೆಲುವು. ಒಬ್ಬನಾದ್ರೂ ಅವನೆದುರು ಒಂದು ನಿಮಿಷ ನಿಂತಿಲ್ಲ ಗೊತ್ತಾ?"

"ಅಯ್ಯೋ! ಹಾಗಾದ್ರೆ ಇವತ್ತು ಎದುರು ಇಳಿಯೋನ ಗತಿ?"

"ಮನೇಲಿ ಹೇಳಿ ಬಂದಿದ್ರೆ ಒಳ್ಳೇದು."

ಇಬ್ಬರೂ ನಕ್ಕರು. ಒಳಗಿದ್ದವನು ಮತ್ತೆ ಲೇಸಿಗೆ ಕೈ ಹಾಕಿದ.

ಹೈಸ್ಕೂಲು ಕುಸ್ತಿಯ ನಿಯಮ ಪುಸ್ತಕದಲ್ಲಿ ಅವನಿಗೆ ಬಾಯಿಪಾಠವಾಗಿದ್ದದ್ದು ಒಂದೇ ಪುಟ. ಚೀಟಿ ಎತ್ತುವಾಗ ಜೋಡಿಗೆ ಯಾರೂ ಸಿಗದಿದ್ದರೆ 'ಬೈ'. ಆಡದೆಯೇ ಮುಂದಿನ ಸುತ್ತಿಗೆ ಹೋಗಬಹುದು, ಆದರೆ ಅದು ಗೆಲುವಿನ ಲೆಕ್ಕಕ್ಕಿಲ್ಲ. ಎದುರು ಶಾಲೆ ಆ ತೂಕದಲ್ಲಿ ಯಾರನ್ನೂ ಇಳಿಸದೆ ಹೋದರೆ ವಾಕ್‌ಓವರ್. ಉಡುಪು ತೊಟ್ಟು ಮ್ಯಾಟಿನ ನಡುವೆ ನಿಂತವನ ಕೈಯನ್ನು ರೆಫರಿ ಎತ್ತುತ್ತಾರೆ, ಅವನ ಶಾಲೆಗೆ ಆರು ಅಂಕ. ಎದುರಿಗೆ ಹುಲಿಯಂಥವನಿದ್ದರೆ ಜಾಣ ಕೋಚುಗಳು ತಮ್ಮ ಹುಡುಗನನ್ನು ಬಲಿ ಕೊಡುವುದಿಲ್ಲ. ಆ ಆರು ಅಂಕ ಬಿಟ್ಟುಕೊಟ್ಟು, ಹುಡುಗನನ್ನು ಮೇಲಿನ ತೂಕದಲ್ಲಿ ಇಳಿಸಿ ಮೈಕೈ ಉಳಿಸುತ್ತಾರೆ.

ಇವತ್ತು ಫೈನಲ್, ಆ ದಾರಿ ಮುಚ್ಚಿತ್ತು. ಎರಡೂ ಶಾಲೆಗಳ ಅಂಕ ಸರಿಸಮವಾಗಿ, ಉಳಿದದ್ದು ಐವತ್ತೇಳು ಕೆಜಿ ಮಾತ್ರ. ಯಾರು ಇಳಿಯುವುದಿಲ್ಲವೋ ಅವರಿಗೆ ಕಪ್ ಇಲ್ಲ.

ಕೊನೆಗೆ ಚಿಲಕ ಸರಿಯಿತು. ಹುಡುಗನ ಮುಖ ನೋಡಿ ಕೋಚ್ ತಮ್ಮ ಟವೆಲ್ಲನ್ನೇ ಕೊಟ್ಟರು.

"ಅವನೂ ನಿನ್ನ ಹಾಗೇ ರಕ್ತ ಮಾಂಸ ಇರೋ ಹುಡುಗ ಕಣೋ."

"ಅದೇ ಸರ್ ನನಗೆ ಭಯ."

ಕೋಚ್ ಬೇರೆ ಕಡೆ ನೋಡಿದರು. ಅಭ್ಯಾಸದಲ್ಲಿ ಹತ್ತು ಕೆಜಿ ಕಡಿಮೆಯವರೂ ಇವನನ್ನು ಅಂಗಾತ ಕೆಡವಿ ಎದೆಯ ಮೇಲೆ ಕೂರುವುದನ್ನು ಅವರು ವರ್ಷವಿಡೀ ನೋಡಿದ್ದರು. "ಪ್ರತಿ ಸಲ ಹೇಳೋದನ್ನೇ ಹೇಳ್ತೀನಿ. ಎದೆ ಎತ್ತಿ ನಡಿ. ಯಾರ ಮುಖಾನೂ ನೋಡಬೇಡ."

"ಆಮೇಲೆ?"

"ಆಮೇಲೇನು ಅಂತ ಇಷ್ಟು ದಿನ ನೀನು ಕೇಳೇ ಇರಲಿಲ್ಲ."

ಸಭಾಂಗಣದ ಬಾಗಿಲಲ್ಲಿ ಅಮ್ಮ ಕಾಯುತ್ತಿದ್ದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು. ನರ್ಸಿನ ಬಿಳಿ ಸಮವಸ್ತ್ರವನ್ನೂ ಬದಲಿಸಿರಲಿಲ್ಲ.

"ಇವತ್ತಾದ್ರೂ ಕಣ್ತುಂಬ ನೋಡ್ತೀನಪ್ಪ. ಪ್ರತಿ ಸಲ ನಾನು ಬಂದು ಕೂರೋದ್ರೊಳಗೆ ನಿಂದು ಮುಗಿದೇ ಹೋಗಿರುತ್ತೆ."

"ಅಮ್ಮಾ, ನೀನು ಮನೆಗೆ ಹೋಗು."

"ಯಾಕೋ? ಅರ್ಧ ದಿನ ರಜಾ ಹಾಕಿ ಬಂದಿದೀನಿ."

"ನೀನು ನೋಡ್ಬಾರ್ದು."

"ಹುಚ್ಚಪ್ಪ, ಅಮ್ಮನ ಮುಂದೆ ಎಂಥ ನಾಚಿಕೆ!" ಅವಳು ಅವನ ಕೆನ್ನೆ ತಟ್ಟಿ ಮುಂದಿನ ಸಾಲಿನಲ್ಲೇ ಹೋಗಿ ಕೂತಳು. ಹುಡುಗನಿಗೆ ಅಲ್ಲೇ ಕೂತು ಅಳಬೇಕೆನ್ನಿಸಿತು. ಮೂಳೆ ಮುರಿದರೆ ಕೂಡುತ್ತದೆ. ಅಮ್ಮನ ಕಣ್ಣೆದುರು ಬೀಳುವುದನ್ನು ನೆನೆದರೇ ಅವನ ಜೀವ ಬಾಯಿಗೆ ಬರುತ್ತಿತ್ತು.

ಗೋಡೆಯ ಮೇಲೆ ಪಟ್ಟಿ ಅಂಟಿಸಿದ್ದರು. ಕೊನೆಯ ಸಾಲಿನಲ್ಲಿ ಒಂದು ಹೆಸರಿನ ಮುಂದೆ ಒಂಬತ್ತು ಗೆಲುವು, ಇನ್ನೊಂದರ ಮುಂದೆ ದುಂಡನೆಯ ಸೊನ್ನೆ. ಆ ಸಾಲಿನ ಮುಂದೆ ನಿಂತವರೆಲ್ಲ ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಹುಡುಗ ಒಮ್ಮೆ ಹೊರಬಾಗಿಲ ಕಡೆ ನೋಡಿದ. ಇಪ್ಪತ್ತು ಹೆಜ್ಜೆ. ಓಡಿದರೆ ಯಾರೂ ಹಿಡಿಯಲಾರರು. ಆದರೆ ಅಷ್ಟರಲ್ಲಿ ಮುಂದಿನ ಸಾಲಿನಿಂದ ಅಮ್ಮ ಅವನಿಗೆ ಕೈಬೀಸಿದಳು.

ಮೈಕಿನಲ್ಲಿ ಸೊನ್ನೆಯವನನ್ನು ಮೊದಲು ಕರೆದರು.

ಎದುರು ಬೆಂಚಿನಿಂದ ಒಬ್ಬ ಎದ್ದ. ಕನ್ನಡಕ ತೆಗೆದು ಪಕ್ಕದವನ ಕೈಗೆ ಕೊಟ್ಟ. ತಡವರಿಸುತ್ತ ಮ್ಯಾಟಿನ ನಡುವೆ ಬಂದ. ಆದರೆ ನಿಂತ ಜಾಗದಿಂದ ಕದಲಲಿಲ್ಲ.

"ಇನ್ನು ಈ ವರ್ಷದ ಅಜೇಯ! ಒಂಬತ್ತಕ್ಕೆ ಒಂಬತ್ತು!"

ಸಭಾಂಗಣವೆಲ್ಲ ಎದ್ದು ನಿಂತಿತು. ಅಮ್ಮನ ಚಪ್ಪಾಳೆ ಎಲ್ಲರಿಗಿಂತ ಜೋರಾಗಿತ್ತು. ಕೋಚ್ ನಮ್ಮ ಹುಡುಗನ ಬೆನ್ನ ಮೇಲೆ ಕೈಯಿಟ್ಟು ಅವನನ್ನು ಮ್ಯಾಟಿಗೆ ತಳ್ಳಿದರು.

ಆ ಒಂಬತ್ತರಲ್ಲಿ ಮೊದಲನೆಯ ಎದುರಾಳಿಗೆ ಪಂದ್ಯದ ದಿನ ಜ್ವರ ಬಂದಿತ್ತು, ಎರಡನೆಯ ಶಾಲೆಯಲ್ಲಿ ಆ ತೂಕದ ಹುಡುಗನೇ ಇರಲಿಲ್ಲ, ಉಳಿದ ಏಳು ಕೋಚುಗಳು ಪಟ್ಟಿ ನೋಡಿಯೇ ಬೆದರಿ ವಾಕ್‌ಓವರ್ ಕೊಟ್ಟಿದ್ದರು. ಪಂದ್ಯದಲ್ಲಿ ಒಬ್ಬ ಮನುಷ್ಯ ಅವನೆದುರು ಬಂದು ನಿಂತದ್ದು ಇದೇ ಮೊದಲು.