ಮುಷ್ಟಿಯೊಳಗಿನ ಜಪ

ನೀರು ತುಂಬಿದ ತಂಬಿಗೆಯನ್ನು ಅಳಿಯನ ಮುಂದಿಟ್ಟು ತುಳಜಾಬಾಯಿ ಸೆರಗೊಡ್ಡಿ ಕುಳಿತಳು. ಅವಳ ಮಗಳು ಅನಸೂಯಾ ತೀರಿಕೊಂಡು ಅಂದಿಗೆ ಸರಿಯಾಗಿ ಒಂದು ವರ್ಷ. ರಾಜೇಶ್ವರದ ಆ ಮನೆಯಂಗಳದಲ್ಲಿ ಉಂಡವರೆಲ್ಲ ಎದ್ದು ಹೋಗಿದ್ದರು. ಊರ ಭಜನೆಯ ಹಿರಿಯ ಪಂಡರಿಕಾಕಾ ಒಬ್ಬನೇ ತುಳಸಿಕಟ್ಟೆಗೆ ಒರಗಿ ಎಲೆಯಡಿಕೆ ಜಗಿಯುತ್ತಿದ್ದ.

"ಅಳಿಯಾರ, ವರ್ಷದಿಂದ ವಿಠ್ಠಲನ ಹೆಸರ ತಗೋಳಾಕತ್ತೀರಿ. ಆ ಪುಣ್ಯ ಎಲ್ಲಾ ನನ್ನ ಮಗಳ ಹೆಸರಿಗಿ ಧಾರಿ ಎರದುಬಿಡ್ರಿ. ಬಾಯಿಗಿ ಹನಿ ನೀರ ಬಿಡೋರಿಲ್ದಂಗ ಹ್ವಾದಳು ನನ್ನ ಕೂಸು."

ಅಳಿಯ ಗೋವರ್ಧನನ ಬಲಮುಷ್ಟಿಯೊಳಗೆ ಟಿಕ್ ಎಂದಿತು.

ಎಲ್ಲ ಪಡಿಪಾಟಲೂ ಆ ಟಿಕ್ಕಿನದೇ. ಹೋದ ವರ್ಷ ಹುಮನಾಬಾದಿನ ಸಂತೆ ಮುಗಿಸಿ ಗಂಡ ಹೆಂಡತಿ ಬೈಕಿನಲ್ಲಿ ಬರುವಾಗ, ಹಿಂದೆ ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರಾಲಿಯೊಂದು ನಡುರಸ್ತೆಯಲ್ಲಿ ನಿಂತಿತ್ತು. ಇವನದು ಒಂದು ಹಲ್ಲು ಹೋಯಿತು, ಅವಳು ಇಡಿಯಾಗಿ ಹೋದಳು. ಅಂದಿನಿಂದ ಇವನ ಬಲಗೈ ಬೆರಳು ಸುಮ್ಮನಿದ್ದದ್ದಿಲ್ಲ. ಅಂಗಿಯ ಗುಂಡಿ ಕಿತ್ತುಬಂದವು, ಹೊದ್ದ ಕಂಬಳಿಯ ಅಂಚು ಬಿಚ್ಚಿಹೋಯಿತು. ಪೆಟ್ಟು ಕೈಗಲ್ಲ, ಮನಸ್ಸಿಗೆ; ಆ ಕೈಗೊಂದು ಕೆಲಸ ಕೊಡಿ ಎಂದು ಹುಮನಾಬಾದಿನ ಡಾಕ್ಟರು ಹೇಳಿದರು. ಗೋವರ್ಧನನ ತಮ್ಮನ ಮಗಳು ಸಾಕ್ಷಿ ಮೊಬೈಲಿನಲ್ಲಿ ಹುಡುಕಿ ಒಂದು ಸಾಮಾನು ತರಿಸಿದಳು. ದೊಡ್ಡವರ ಆಟಿಕೆಯಂತೆ. ಮುಷ್ಟಿಯಲ್ಲಿ ಹಿಡಿದರೆ ಎದುರಿಗೆ ಕೂತವರಿಗೂ ಕಾಣುವುದಿಲ್ಲವಂತೆ. ಅದರ ಗುಂಡಿ ಒತ್ತಿದರೆ ಟಿಕ್ ಎಂದು ಒಳಗೆ ಹೋಗುತ್ತದೆ, ಬಿಟ್ಟರೆ ಮೇಲೆ ಬರುತ್ತದೆ, ಅಷ್ಟೇ.

ಕಾಣದಿದ್ದರೇನು, ಕೇಳಿಸುತ್ತಿತ್ತಲ್ಲ. ವರ್ಷವರ್ಷ ಪಂಢರಪುರಕ್ಕೆ ನಡೆದು ಹೋಗುವ ಜನ ಆ ಊರಿನವರು. ಅಲ್ಲಿ ಬೆರಳಿಗೆ ಹಾಕಿಕೊಂಡು ಒತ್ತುವ, ಜಪ ಎಣಿಸುವ ಮಷೀನು ಮಾರುತ್ತಾರೆ. ಕುರಿಗಳ ಹಿಂದೆ ಟಿಕ್ ಟಿಕ್ ಎನ್ನುತ್ತ ಹೋಗುವ ಗೋವರ್ಧನನನ್ನು ಕಂಡ ಪಂಡರಿಕಾಕಾ, ಇದು ಅದೇ ಎಂದು ತಾನೇ ತೀರ್ಮಾನಿಸಿ ಊರಿಗೆಲ್ಲ ಸಾರಿದ. ಭಜನೆಗೆ ಕೂತರೆ ಎರಡನೇ ಅಭಂಗಕ್ಕೇ ಗೊರಕೆ ಹೊಡೆಯುತ್ತಿದ್ದವನಿಗೆ ಭಕ್ತಿ ಬಂತಲ್ಲ ಎಂದು ಮೊದಮೊದಲು ನಕ್ಕವರು ಆಮೇಲೆ ಕೈಮುಗಿಯತೊಡಗಿದರು. ಊರ ಬಾಯಿಗೆ ಬೀಗ ಹಾಕಲಾದೀತೇ? ಆಟಿಕೆ ಎಂದರೆ ಹುಚ್ಚ ಎನ್ನುತ್ತಾರೆ, ಜಪ ಎಂದರೆ ಸಂತ ಎನ್ನುತ್ತಾರೆ. ಪಾಪ, ಅವನು ಸುಮ್ಮನಿದ್ದುಬಿಟ್ಟ.

ಈಗ ಅದು ಬಿಸಿತುಪ್ಪವಾಗಿತ್ತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮಗಳು ಬಾಯಾರಿ ಬಾಗಿಲಲ್ಲಿ ನಿಂತ ಹಾಗೆ ದಿನಾ ಕನಸು ಬೀಳುತ್ತದೆ, ನೀರು ಕೊಡಹೋದರೆ ತಂಬಿಗೆ ಬರಿದಾಗಿರುತ್ತದೆ ಎಂದು ತುಳಜಾಬಾಯಿ ಬೆಳಿಗ್ಗೆಯಿಂದ ಬಂದವರಿಗೆಲ್ಲ ಹೇಳಿಕೊಂಡು ಅತ್ತಿದ್ದಳು. ಕೊಡುವ ಪುಣ್ಯಕ್ಕೆ ತಡವೇಕೆ ಎಂದು ಪಂಡರಿಕಾಕಾ ಬೇರೆ ಅವಸರ ಮಾಡುತ್ತಿದ್ದ. ಬೊಗಸೆ ನೀರು ಬಿಟ್ಟರೆ ಮುಗಿಯಿತು. ಅತ್ತೆ ನೆಮ್ಮದಿಯಾಗಿ ಮಲಗುತ್ತಾಳೆ, ತನ್ನ ಮಾನವೂ ಉಳಿಯುತ್ತದೆ. ಗೋವರ್ಧನ ಎಡಗೈಯಿಂದ ತಂಬಿಗೆ ಎತ್ತಿದ. ಆದರೆ ಯಾರಿಗೆ ಸುಳ್ಳು ಹೇಳಿದರೂ ಅನಸೂಯಾಳ ಹೆಸರಿನಲ್ಲಿ ಹೇಳುವುದು ಅವನಿಂದಾಗಲಿಲ್ಲ. ತಂಬಿಗೆಯನ್ನು ಕೆಳಗಿಟ್ಟ.

"ಅತ್ತೀ, ಇದರಾಗ ದೇವರ ಹೆಸರ ಒಂದೂ ಇಲ್ರಿ."

ಪಂಡರಿಕಾಕಾನ ಬಾಯಿ ಜಗಿಯುವುದನ್ನು ನಿಲ್ಲಿಸಿತು. ಡಾಕ್ಟರು ಹೇಳಿದ್ದು, ಸಾಕ್ಷಿ ತರಿಸಿದ್ದು, ಊರು ತಪ್ಪು ತಿಳಿದದ್ದು, ತಾನು ನಾಚಿಕೆಗೆ ಅಂಜಿ ಸುಮ್ಮನಿದ್ದದ್ದು, ಎಲ್ಲವನ್ನೂ ಗೋವರ್ಧನ ತಲೆ ತಗ್ಗಿಸಿಯೇ ಹೇಳಿದ. ಮುದುಕ ಏನೋ ಗೊಣಗಿ ಎದ್ದು ನಡೆದ. ಸಂಜೆಯೊಳಗೆ ಊರಿಗೆಲ್ಲ ಮುಟ್ಟಿಸುತ್ತಾನೆ, ಮುಟ್ಟಿಸಲಿ. ತುಳಜಾಬಾಯಿ ಮಾತ್ರ ಕೂತಲ್ಲಿಂದ ಕದಲಲಿಲ್ಲ. ವರ್ಷವಿಡೀ ನೆಚ್ಚಿಕೊಂಡಿದ್ದ ಪುಣ್ಯ ಒಂದು ಗಳಿಗೆಯಲ್ಲಿ ಇಲ್ಲವಾಗಿತ್ತು. ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವನ ಮುಷ್ಟಿಯನ್ನೇ ನೋಡುತ್ತ ಕೇಳಿದಳು:

"ಮತ್ತ ವರ್ಷಗಟ್ಲೆ ಅದನ್ನ ಒತ್ತಿ ಒತ್ತಿ ಏನ್ ಮಾಡಾಕತ್ತೀರಿ?"

ಡಾಕ್ಟರಿಗೂ ಹೇಳದ ಮಾತು ಅವನ ಬಾಯಿಗೆ ಬಂತು.

"ಬ್ರೇಕ್ ಹಿಡ್ಯಾಕತ್ತೇನಿ, ಅತ್ತೀ. ಅವತ್ತ ಹಿಡೀಲಿಲ್ಲ. ಹಿಂದಿನಿಂದ ಅಕಿ ಏನೋ ಅಂದಳು, ಕೇಳಾಕ ತಿರುಗಿದೆ."

ತುಳಜಾಬಾಯಿ ಹತ್ತಿರ ಸರಿದು, ಅಳಿಯನೆಂಬ ಸಂಕೋಚ ಬಿಟ್ಟು, ಅವನ ಮುಷ್ಟಿಯನ್ನು ತನ್ನ ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು. ಒಳಗೆ ಅವನ ಬೆರಳುಗಳು ಇನ್ನೂ ಶಕ್ತಿಯೆಲ್ಲ ಹಾಕಿ ಒತ್ತುತ್ತಲೇ ಇದ್ದವು.

"ಬಿಡ್ರಿ ಅಳಿಯಾರ," ಎಂದಳು ಮೆಲ್ಲಗೆ, "ಗಾಡಿ ನಿಂತದ."